ಹಳ್ಳಿಯ ಹೆರಿಗೆಮನೆ ಮತ್ತು ಬೆಳಗಾವಿಯ ವೈದ್ಯವಿದ್ಯೆ

ಯಮಕನಮರಡಿಯಂಥ ನಮ್ಮ ಊರುಗಳಲ್ಲಿ ಹೆರಿಗೆಮನೆಯ ಸಂತೋಷದೊಡನೆ ಒಂದು ಅಳುಕೂ ಇರುತ್ತಿತ್ತು. ಮಗು ಹುಟ್ಟಿದ ಮೇಲೆ ತಾಯಿಯ ರಕ್ತಸ್ರಾವ ನಿಲ್ಲದಿದ್ದರೆ ಬೆಳಗಾವಿ ಮುಟ್ಟುವಷ್ಟು ವೇಳೆ ಉಳಿಯುತ್ತಿರಲಿಲ್ಲ. ಆದ್ದರಿಂದ ಅಲ್ಲಿಯ ವೈದ್ಯಕೀಯ ಕಾಲೇಜಿನ ಚರಿತ್ರೆಯನ್ನು ನಾನು ಕಟ್ಟಡಗಳಿಂದ ಅಳೆಯಲಾರೆ.

1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯು 1963ರಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಅಮೆರಿಕೆಯಲ್ಲಿ ಸಾಮಾನ್ಯವಾಗಿ ಪದವಿ ಪಡೆದ ಮೇಲೆ ವೈದ್ಯಶಿಕ್ಷಣ, ನಮ್ಮಲ್ಲಿ ಪಿ.ಯು.ಸಿ. ಮುಗಿದೊಡನೆ. ಎರಡು ಕಡೆಗೂ ಪ್ರಶ್ನೆ ಒಂದೇ: ಕಲಿತ ವಿದ್ಯೆ ಆಸ್ಪತ್ರೆಯ ಹೊಸ್ತಿಲು ದಾಟೀತೆ?

ದಾಟಿತೆಂಬುದಕ್ಕೆ ಒಂದು ಸಾಕ್ಷಿಯಿದೆ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಪಳಗಿದ ಕೈ ಬೇಕು. ಮಿಸೋಪ್ರೊಸ್ಟಾಲ್ ಮಾತ್ರೆಗೆ ಅವೆರಡೂ ಬೇಡ. 2002ರಿಂದ 2005ರವರೆಗೆ ಈ ಕಾಲೇಜಿನ ವೈದ್ಯರು, ಅಮೆರಿಕೆಯ ಸಂಶೋಧಕರೊಡನೆ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರಲ್ಲಿ ಅದನ್ನು ಪರೀಕ್ಷಿಸಿದರು. ಸುಮಾರು ಅರ್ಧ ಜನಕ್ಕೆ ಔಷಧ. ಉಳಿದವರಿಗೆ ನೋಡಲು ಅಂಥದೇ, ಔಷಧವಿಲ್ಲದ ಮಾತ್ರೆ. ಕೊಟ್ಟವರು ಡಾಕ್ಟರರಲ್ಲ, ನಮ್ಮ ನರ್ಸಬಾಯಿಯರು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಜನರಲ್ಲಿ ಕಂಡ ಅಧಿಕ ರಕ್ತಸ್ರಾವ, ಔಷಧ ಪಡೆದವರಲ್ಲಿ 6.4ಕ್ಕೆ ಇಳಿದಿತ್ತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಕೀರ್ತಿ ವೈದ್ಯರಿಗೆ ಸಲ್ಲಲಿ. ಆದರೆ ಔಷಧವಿಲ್ಲದ ಮಾತ್ರೆ ನುಂಗಿ, ಲೋಕದ ತಾಯಂದಿರಿಗಾಗಿ ಉತ್ತರ ದೊರಕಿಸಿಕೊಟ್ಟ ನಮ್ಮ ಅಕ್ಕತಂಗಿಯರ ಋಣವನ್ನು ಚರಿತ್ರೆ ಮರೆಯಬಾರದು.