ಗ್ರಹಣದ ಮರುದಿನ ಒನಕೆ

1980ರ ಫೆಬ್ರವರಿ 16, ಶನಿವಾರ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಉತ್ತರ ಕನ್ನಡದ ಕರಾವಳಿಯಿಂದ ಹುಬ್ಬಳ್ಳಿ, ಗದಗ, ರಾಯಚೂರು ಕಡೆಗೆ ಚಂದ್ರನ ನೆರಳು ಹಾದುಹೋಯಿತು. ಖಗ್ರಾಸ ಸೂರ್ಯಗ್ರಹಣ. ನೆರಳಿನ ನಡುಹಾದಿಯ ಊರುಗಳಲ್ಲಿ ಎರಡೂವರೆ ನಿಮಿಷದಷ್ಟು ಹೊತ್ತು ಹಗಲೇ ಕತ್ತಲಾಯಿತು. ದೇಶ ವಿದೇಶದ ವಿಜ್ಞಾನಿಗಳು ದುರ್ಬೀನು ಹೂಡಿ ಕಾದಿದ್ದರು. ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲೂ ಬೆಂಗಳೂರಿನ ಖಭೌತ ವಿಜ್ಞಾನ ಸಂಸ್ಥೆಯ ಬಿಡಾರವಿತ್ತು.

ಇಂಥ ಗ್ರಹಣ ನೋಡಲು ಜನ ಸಾವಿರಾರು ಮೈಲಿ ಪ್ರಯಾಣ ಮಾಡುತ್ತಾರೆ. ಅದು ತಾನಾಗಿ ನಮ್ಮ ಮನೆ ಬಾಗಿಲಿಗೆ ಬಂದಿತ್ತು. ನಮ್ಮಲ್ಲಿ ಹೆಚ್ಚಿನವರು ಬಾಗಿಲು ಹಾಕಿಕೊಂಡು ಒಳಗೆ ಕೂತರು. ಅನ್ನ ಸಾರಿನ ಮೇಲೆ ದರ್ಭೆ, ಬಸುರಿ ಹೆಂಗಸರಿಗೆ ಕತ್ತಲ ಕೋಣೆ, ಬೀದಿ ಖಾಲಿ.

ಈಗ 2019ರ ಡಿಸೆಂಬರ್ 26ಕ್ಕೆ ಬನ್ನಿ. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ದಕ್ಷಿಣ ಕನ್ನಡ, ಕೊಡಗಿನ ಮೇಲೆ ಕಂಕಣ ಗ್ರಹಣ. ಈ ಸಲ ಜನ ಕನ್ನಡಕ ಹಿಡಿದು ಮೈದಾನಕ್ಕೆ ಬಂದರು, ಮಕ್ಕಳು ಸಾಲುಗಟ್ಟಿ ನಿಂತು ಸೂರ್ಯನ ಬಳೆ ನೋಡಿದರು. ಅದೇ ದಿನ, ಅದೇ ರಾಜ್ಯದಲ್ಲಿ, ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ತಿಪ್ಪೆಯ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಲ್ಲಿ ಹಾಗೆ ಮಾಡಿದರೆ ಕೈಕಾಲು ಸರಿಹೋಗುತ್ತದೆ ಅನ್ನುವ ನಂಬಿಕೆ. ಹೆತ್ತವರು ಕೆಟ್ಟವರಲ್ಲ. ಬೇರೆ ದಾರಿ ತೋರಿಸುವವರು ಅವರ ಮನೆತನಕ ಬಂದಿರಲಿಲ್ಲ, ಅಷ್ಟೇ.

ಈ ಎರಡು ಗ್ರಹಣಗಳ ನಡುವೆ 39 ವರ್ಷ. ಒಂದು ಕಡೆ ಬಾಗಿಲು ತೆರೆಯಿತು, ಇನ್ನೊಂದು ಕಡೆ ತೆರೆಯಲಿಲ್ಲ. ಯಾಕೆ ಹೀಗಾಯಿತು ಎಂದು ತಿಳಿಯಲು ಇನ್ನೂ ಹಿಂದಕ್ಕೆ ಹೋಗಬೇಕು.

ಕನ್ನಡದಲ್ಲಿ ವಿಜ್ಞಾನವನ್ನು ಜನರ ಹತ್ತಿರ ಒಯ್ಯಬೇಕು ಅನ್ನುವ ಹಟಕ್ಕೆ ನೂರು ವರ್ಷ ದಾಟಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಅನ್ನುವ ಮಾಸಪತ್ರಿಕೆ ತಂದರು. ಬೆಳ್ಳಾವೆಯವರು ಪಂಪನ ಕಾವ್ಯವನ್ನೂ ಸಂಪಾದಿಸಿದವರು, ಕನ್ನಡ ನಿಘಂಟಿನ ಕೆಲಸಕ್ಕೂ ಹೆಗಲು ಕೊಟ್ಟವರು. ಭೌತಶಾಸ್ತ್ರದ ಮೇಷ್ಟ್ರಿಗೆ ಹಳಗನ್ನಡ ಯಾಕೆ ಎಂದು ಆಗ ಯಾರೂ ಕೇಳುತ್ತಿರಲಿಲ್ಲ ಅಂತ ಕಾಣುತ್ತದೆ. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು, ಅವು ಚಿಕ್ಕ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಬಂದವು. ಒಳ್ಳೆಯ ಕೆಲಸವೇ. ಆದರೆ ಪ್ರಾಧ್ಯಾಪಕರು ಬರುತ್ತಿದ್ದರು, ಮಾತಾಡುತ್ತಿದ್ದರು, ಹೋಗುತ್ತಿದ್ದರು. ಮರುದಿನ ಅನುಮಾನ ಬಂದ ಹುಡುಗ ಯಾರನ್ನು ಕೇಳಬೇಕು?

ಈ ಪ್ರಶ್ನೆಗೆ ಬದುಕಿಡೀ ಉತ್ತರ ಹುಡುಕಿದವರು ಎಚ್. ನರಸಿಂಹಯ್ಯ.

ಗೌರಿಬಿದನೂರು ತಾಲ್ಲೂಕಿನ ಹೊಸೂರು ಅವರ ಊರು, ಹುಟ್ಟಿದ್ದು 1920ರಲ್ಲಿ, ಬಡ ಮನೆ. ಊರಿನ ಶಾಲೆ ಎಂಟನೇ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಲು ದಾರಿಯಿಲ್ಲದೆ ಕೂತಿದ್ದ ಹುಡುಗನಿಗೆ ಬೆಂಗಳೂರಿಗೆ ಬಾ ಎಂದವರು ಊರಿನಲ್ಲಿ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯರೇ. ಬಸ್ಸಿಗೆ ಕಾಸಿಲ್ಲ. 1935ರಲ್ಲಿ ಎರಡು ದಿನ ನಡೆದು ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿಗೆ ಹೆಸರು ಹಚ್ಚಿದರು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ: ಚಲೇಜಾವ್ ಚಳವಳಿಯಲ್ಲಿ ಜೈಲು, ಭೌತಶಾಸ್ತ್ರದ ಮೇಷ್ಟ್ರುಗಿರಿ, ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲ ಹುದ್ದೆ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಹುದ್ದೆ. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೇಶವೆಲ್ಲ ಗದ್ದಲ ಎಬ್ಬಿಸಿದರು. ಮನೆ ಮಾಡಲಿಲ್ಲ, ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು.

ಗದ್ದಲದ ಸುದ್ದಿಯನ್ನೇ ಜನ ನೆನಪಿಟ್ಟಿದ್ದಾರೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಬುಧವಾರಗಳು. 1962ರಲ್ಲಿ ಅವರು ಶುರುಮಾಡಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ಪ್ರತಿ ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸ. ಒಂದು ವಾರದ ಜಾತ್ರೆಯಲ್ಲ, ಪ್ರತಿ ವಾರ. ಕೇಳುವವರು ಹತ್ತೇ ಜನ ಇದ್ದರೂ ಕುರ್ಚಿ ಹಾಕುವ ಶಿಸ್ತು ಇದ್ದಾಗ ಮಾತ್ರ ಇಂಥದ್ದು ದಶಕಗಟ್ಟಲೆ ಉಳಿಯುತ್ತದೆ. ಇನ್ನೊಂದು, ಅವರು ಬೆಂಗಳೂರಿನಲ್ಲೇ ನಿಲ್ಲಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ಕಾಲೇಜು, ತಮ್ಮ ಹೊಸೂರಿನಲ್ಲಿ ಹೈಸ್ಕೂಲು ಮಾಡಿಸಿದರು. ಮುಂದಿನ ಹುಡುಗ ಎರಡು ದಿನ ನಡೆಯಬಾರದು ಅಂತ.

1980ರಲ್ಲಿ, ಆ ಗ್ರಹಣದ ವರ್ಷವೇ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಅದರ ‘ಬಾಲ ವಿಜ್ಞಾನ’ ಹಳ್ಳಿ ಶಾಲೆಗಳ ಕಪಾಟಿನಲ್ಲಿ ಇವತ್ತಿಗೂ ಸಿಗುತ್ತದೆ. ತಾಲ್ಲೂಕುಗಳಲ್ಲಿ ಇಂಥ ಕೆಲಸ ಹೊತ್ತವರಲ್ಲಿ ಬಹಳಷ್ಟು ಜನ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ. 1987ರ ಅಕ್ಟೋಬರ್ 2ರಿಂದ ನವೆಂಬರ್ 7ರವರೆಗೆ ದೇಶದ ಐದು ದಿಕ್ಕಿನಿಂದ ಭಾರತ ಜನ ವಿಜ್ಞಾನ ಜಾಥಾ ಹೊರಟು ಭೋಪಾಲ್ ಸೇರಿತು. ಭೋಪಾಲ್ ಯಾಕೆ ಅಂದರೆ ಮೂರು ವರ್ಷದ ಹಿಂದೆ ವಿಷಾನಿಲ ಸೋರಿ ಸಾವಿರಾರು ಜನ ಸತ್ತ ಊರು ಅದು. ನವೆಂಬರ್ 7 ಸಿ.ವಿ. ರಾಮನ್ ಹುಟ್ಟಿದ ದಿನ. ಜಾಥಾ ಹಾದುಹೋದ ಊರುಗಳಲ್ಲಿ ಹಾಡು, ಬೀದಿನಾಟಕ.

ಆ ಕಾಲದಲ್ಲಿ ಮೇಷ್ಟ್ರುಗಳ ಕೈಗೆ ಬಂದ ದೊಡ್ಡ ಆಯುಧ ‘ಪವಾಡ ಬಯಲು’. ನೀವೂ ನೋಡಿರುತ್ತೀರಿ. ನಿಂಬೆಹಣ್ಣು ಕೊಯ್ದರೆ ರಕ್ತ ಬರುವುದು: ಚಾಕುವಿಗೆ ಮೊದಲೇ ದಾಸವಾಳದ ಹೂವು ಉಜ್ಜಿರುತ್ತಾರೆ, ನಿಂಬೆಯ ಹುಳಿ ತಾಗಿದ ಕೂಡಲೇ ಕೆಂಪು. ನೀರು ಚಿಮುಕಿಸಿದರೆ ತೆಂಗಿನಕಾಯಿಗೆ ಬೆಂಕಿ ಹತ್ತುವುದು: ಜುಟ್ಟಿನೊಳಗೆ ಸೋಡಿಯಂ ಚೂರು. ಇದನ್ನು ಮನೆಯಲ್ಲಿ ಮಾಡಬೇಡಿ, ಕಣ್ಣು ಹೋಗುತ್ತದೆ.

ಚಪ್ಪಾಳೆ ಬೀಳುವುದು ಇಲ್ಲಿಗೆ. ಪಾಠ ಶುರುವಾಗುವುದು ಮರುದಿನ, ತರಗತಿಯಲ್ಲಿ. ಆರತಿ ತಟ್ಟೆಯ ಕೆಂಪು ನೀರು ನಮ್ಮೆಲ್ಲರ ಮನೆಯಲ್ಲೂ ಇದೆ, ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಆಯಿತು. ಅದಕ್ಕೆ ನಿಂಬೆರಸ ಹಿಂಡುತ್ತಾ ಹೋಗಿ, ಮತ್ತೆ ಹಳದಿಗೆ ತಿರುಗುತ್ತದೆ. ಆಮ್ಲ, ಪ್ರತ್ಯಾಮ್ಲ ಎಂದು ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಅಜ್ಜಿಯ ಆರತಿ ತಟ್ಟೆಯಲ್ಲೇ ಇತ್ತು ಅನ್ನೋದು ಮಗುವಿಗೆ ಹೊಳೆಯುವುದು ಆಗ. ಇದನ್ನು ಮಾಡಲು ಜಾಥಾ ಬೇಕಿಲ್ಲ, ಒಬ್ಬ ಮೇಷ್ಟ್ರು ಸಾಕು.

ಒನಕೆಯ ಕಥೆಯೂ ಇದೇ. ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಅನ್ನುತ್ತಾರೆ ನಮ್ಮ ಕಡೆ. ಈಗ ಪ್ರತಿ ಗ್ರಹಣಕ್ಕೂ ಅದರ ವಿಡಿಯೊ ವಾಟ್ಸಾಪಿನಲ್ಲಿ ಬರುತ್ತದೆ. ಒನಕೆಯ ಬುಡ ಸಪಾಟಾಗಿದ್ದು, ಕೈ ಸ್ವಲ್ಪ ನಿಧಾನವಾಗಿದ್ದರೆ ಅದು ಯಾವ ದಿನ ಬೇಕಾದರೂ ನಿಲ್ಲುತ್ತದೆ. ಗ್ರಹಣದ ದಿನ ವಾದ ಮಾಡಿ ಪ್ರಯೋಜನವಿಲ್ಲ, ಒನಕೆ ಕಣ್ಣೆದುರೇ ನಿಂತಿರುತ್ತದೆ. ಮರುದಿನ ಬೆಳಿಗ್ಗೆ, ಅದೇ ಮನೆಯ ಅದೇ ಒನಕೆಯನ್ನು ಅಂಗಳದಲ್ಲಿ ನಿಲ್ಲಿಸಿ ತೋರಿಸುವವರು ಬೇಕು.

1993ರಲ್ಲಿ ದೇಶದಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಈ ‘ಮರುದಿನ’ವನ್ನು ಅರ್ಥಮಾಡಿಕೊಂಡ ಕಾರ್ಯಕ್ರಮ. 10ರಿಂದ 17 ವರ್ಷದ ಮಕ್ಕಳು ಗುಂಪು ಮಾಡಿಕೊಂಡು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿಯಬೇಕು. ಕೊಳವೆಬಾವಿ ಬತ್ತಿದ್ದು, ಕೆರೆಗೆ ಹೂಳು ತುಂಬಿದ್ದು, ಹೀಗೆ ಏನಾದರೂ. ಮನೆಮನೆಗೆ ಹೋಗಿ ಕೇಳಿ, ಅಳೆದು, ಬರೆದು, ಜಿಲ್ಲೆಯಲ್ಲಿ ಮಂಡಿಸಬೇಕು. ಕನ್ನಡದಲ್ಲೇ ಮಾಡಬಹುದು. ಥರ್ಮೊಕೋಲಿನ ಜ್ವಾಲಾಮುಖಿ ತಂದು ಮೇಜಿನ ಮೇಲೆ ಇಟ್ಟು ಬರುವ ವಸ್ತುಪ್ರದರ್ಶನಕ್ಕೂ ಇದಕ್ಕೂ ಅಜಗಜಾಂತರ. ಪ್ರತಿ ಗುಂಪಿಗೂ ಒಬ್ಬ ಮಾರ್ಗದರ್ಶಿ ಶಿಕ್ಷಕ. ತಿಂಗಳುಗಟ್ಟಲೆ ಶಾಲೆ ಬಿಟ್ಟ ಮೇಲೆ ಮಕ್ಕಳ ಜೊತೆ ತಿರುಗುವವರು, ಹೆತ್ತವರನ್ನು ಒಪ್ಪಿಸಿ ಹೆಣ್ಣುಮಕ್ಕಳನ್ನು ಜಿಲ್ಲೆಗೆ ಕರೆದೊಯ್ದು ರಾತ್ರಿ ಜೋಪಾನವಾಗಿ ಮನೆ ಮುಟ್ಟಿಸುವವರು ಈ ಮೇಷ್ಟ್ರು, ಟೀಚರ್‌ಗಳು.

ಇನ್ನು ಸನ್ಮಾನದ ಮಾತು. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಲ್ಲಿ ಬಂತು. 1962ರಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನ. ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರೇ ಅವರ ಗಾಡಿಯನ್ನು ರೈಲ್ವೆ ಸ್ಟೇಷನ್ನಿಗೆ ಎಳೆದುಕೊಂಡು ಹೋದರು. ಆ ಸನ್ಮಾನಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ. 2018ರಿಂದ ರಾಷ್ಟ್ರೀಯ ಪ್ರಶಸ್ತಿಗೆ ಶಿಕ್ಷಕರು ಆನ್‌ಲೈನಿನಲ್ಲಿ ತಾವೇ ಹೆಸರು ಹಾಕಿಕೊಳ್ಳಬಹುದು. ಮೇಲಧಿಕಾರಿಯ ಕೃಪೆಗೆ ಕಾಯಬೇಕಿಲ್ಲ ಅನ್ನೋದು ಒಳ್ಳೆಯದೇ. ಆದರೆ ತನ್ನ ಕೆಲಸದ ಫೋಟೊ ತೆಗೆದಿಡುವ ಅಭ್ಯಾಸ ಇರುವವರಿಗೂ ಇಲ್ಲದವರಿಗೂ ವ್ಯತ್ಯಾಸವಿದೆ. ಫೈಲು ದಪ್ಪ ಮಾಡುವ ಕಲೆಯೇ ಬೇರೆ.

ವಿಜ್ಞಾನದ ಮೇಷ್ಟ್ರುಗಳಿಗೆಂದೇ ಇರುವ ಪ್ರಶಸ್ತಿ ಕಡಿಮೆ. ವಿಜ್ಞಾನಿ ಸಿ.ಎನ್.ಆರ್. ರಾವ್ ತಮಗೆ 2005ರಲ್ಲಿ ಬಂದ ಡ್ಯಾನ್ ಡೇವಿಡ್ ಪ್ರಶಸ್ತಿಯ ಹಣದಿಂದ ಶಿಕ್ಷಣ ಪ್ರತಿಷ್ಠಾನ ಮಾಡಿ ಶಾಲಾ ವಿಜ್ಞಾನ ಶಿಕ್ಷಕರನ್ನು ಗೌರವಿಸುವ ಏರ್ಪಾಡು ಮಾಡಿದರು. ಅದು ದೊಡ್ಡ ಮಾತು. ತಾಲ್ಲೂಕಿನ ಮಟ್ಟದಲ್ಲಿ ಮಾತ್ರ ಶಾಲು, ಪೇಟ, ಹಣ್ಣಿನ ಬುಟ್ಟಿ. ಪೇಟ ತೊಡಿಸಿದ ಮೇಷ್ಟ್ರು ಮರುದಿನ ಶಾಲೆಗೆ ಹೋದರೆ ಪ್ರಯೋಗಾಲಯದ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ. ಪಿಸಿಎಂ ಮೇಷ್ಟ್ರಿಗೆ ವರ್ಗವಾದರೆ ಆ ಜಾಗ ತುಂಬುವ ತನಕ ಸಿಬಿಝಡ್ ಟೀಚರೇ ಭೌತಶಾಸ್ತ್ರವನ್ನೂ ಎಳೆಯಬೇಕು. ವಿಜ್ಞಾನ ಸಂಘದ ಬೋರ್ಡು ಗೋಡೆಯ ಮೇಲೆ ಇರುತ್ತದೆ, ಸಂಘ ಇರುವುದಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಊರಿನವರು ಶಾಲಿನ ದುಡ್ಡಿನಲ್ಲಿ ಹತ್ತು ಲೆನ್ಸು, ಒಂದಿಷ್ಟು ಪರೀಕ್ಷಾ ನಾಳ ಕೊಡಿಸಿ, ಆ ಅಕ್ಕಿ ಮೂಟೆಗೆ ಬೇರೆ ಕೋಣೆ ಹುಡುಕಿಕೊಡುವುದು ಹೆಚ್ಚಿನ ಸನ್ಮಾನ.

2031ರ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ದಕ್ಷಿಣ ಭಾರತಕ್ಕೆ ಬರುತ್ತಿದೆ. ಬಳೆ ಕಾಣುವುದು ಕೇರಳ, ತಮಿಳುನಾಡಿನ ಕೆಲವು ಕಡೆ. ಕರ್ನಾಟಕದಲ್ಲಿ ಸೂರ್ಯನ ದೊಡ್ಡ ಪಾಲು ಮರೆಯಾಗುತ್ತದೆ. ಬರಿಗಣ್ಣಲ್ಲಿ ನೋಡಬೇಡಿ. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಬಿಸಿಲಿಗೆ ಹಿಡಿದರೆ, ಒಂದು ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಸುಮಾರು 9 ಮಿಲಿಮೀಟರ್ ಅಗಲದ ಸೂರ್ಯ ಬೀಳುತ್ತಾನೆ. ಹೊಂಗೆ ಮರದಡಿ ನಿಂತರೆ ಅದೂ ಬೇಡ, ಎಲೆಗಳ ಸಂದಿಯಿಂದ ನೆಲದ ತುಂಬ ಕುಡುಗೋಲಿನಂಥ ಸೂರ್ಯರು ಬಿದ್ದಿರುತ್ತಾರೆ.

ಮೇ 21 ಅಂದರೆ ಶಾಲೆಗೆ ಬೇಸಿಗೆ ರಜೆ. ಆ ದಿನ ಶಾಲೆಯ ಗೇಟಿನ ಬೀಗ ತೆಗೆಯುವವರು ಯಾರು ಅಂತ ನಿಮ್ಮೂರಿನ ಮೇಷ್ಟ್ರ ಹತ್ತಿರ, ಎಸ್‌ಡಿಎಂಸಿಯವರ ಹತ್ತಿರ ಈಗಲೇ ಒಂದು ಮಾತು ಹಾಕಿಡಿ.