ಬಿಲ್ಲೆ ಅಣುಗಳ ಚರಿತ್ರೆ: ಪೇಟೆಂಟ್ ದಫ್ತರದ ಆಚೆಗೆ

ಮುದ್ರಣ ಕಾಶಿ ಎನಿಸಿಕೊಂಡ ಗದಗದಲ್ಲಿ ಇಂದು ಅಚ್ಚುಮೊಳೆಯ ಕೆಲಸವನ್ನು ಕಂಪ್ಯೂಟರ್ ಪರದೆ ವಹಿಸಿಕೊಂಡಿದೆ. ಮೊದಮೊದಲ ಎಲ್‌ಸಿಡಿ (ದ್ರವಸ್ಫಟಿಕ) ಪರದೆಗಳಲ್ಲಿ ಒಂದು ದೋಷವಿತ್ತು. ಎದುರಿಗೆ ಕೂತವರಿಗೆ ನಿಚ್ಚಳವಾಗಿ ಕಂಡದ್ದು ಪಕ್ಕದಲ್ಲಿ ನಿಂತವರಿಗೆ ಮಸುಕಾಗುತ್ತಿತ್ತು, ಬಣ್ಣವೂ ಕೆಡುತ್ತಿತ್ತು. ಇದನ್ನು ಬಹುಮಟ್ಟಿಗೆ ನೀಗಿಸಿದ ತೆಳು ಹಾಳೆಯ ಪೇಟೆಂಟ್ ಜಪಾನಿನ ಫ್ಯೂಜಿ ಫೋಟೋ ಫಿಲಂ ಕಂಪನಿಯದಾಗಿತ್ತು. ಅದರೊಳಗಿನ ಅಣುಗಳ ವಂಶಮೂಲ ಬೆಂಗಳೂರಿನದು. ಪೇಟೆಂಟ್‌ಗಳನ್ನಷ್ಟೇ ಎಣಿಸಿ ತಂತ್ರಜ್ಞಾನದ ಇತಿಹಾಸ ಬರೆದರೆ ಈ ಮೂಲ ಕೈಬಿಟ್ಟು ಹೋಗುತ್ತದೆ ಎಂಬುದು ನನ್ನ ವಾದ.

ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ 1888ರಲ್ಲಿ ದ್ರವಸ್ಫಟಿಕದ ವರ್ತನೆಯನ್ನು ಗುರುತಿಸಿದರು. ಅಲ್ಲಿಂದ ಸುಮಾರು ತೊಂಬತ್ತು ವರ್ಷ ಕೈಗೆ ಸಿಕ್ಕ ದ್ರವಸ್ಫಟಿಕಗಳೆಲ್ಲ ಮುಖ್ಯವಾಗಿ ಕಡ್ಡಿಯಂಥ ಉದ್ದನೆಯ ಅಣುಗಳವು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿ, 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಈ ಎಲ್ಲೆಯನ್ನು ಮುರಿದರು. ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರೊಡನೆ ಬರೆದ ಪ್ರಬಂಧ 1977ರಲ್ಲಿ ಬೆಂಗಳೂರಿನದೇ ಆದ 'ಪ್ರಮಾಣ' ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಪರೀಕ್ಷಿಸಿದ್ದು ಬೆಂಜೀನ್ ಉಂಗುರದ ಆರೂ ಮೂಲೆಗೆ ಉದ್ದ ಬಾಲ ಸೇರಿಸಿದ, ಬಿಲ್ಲೆಯಂಥ ಚಪ್ಪಟೆ ಅಣುಗಳನ್ನು. ಕಾಯಿಸಿದಾಗ ಘನದಿಂದ ನೇರವಾಗಿ ದ್ರವವಾಗದೆ ನಡುವೆ ಒಂದು ಹಂತದಲ್ಲಿ ನಿಂತವು. ಎಕ್ಸ್-ರೇ ಪರೀಕ್ಷೆಯಲ್ಲಿ, ಜೋಳದ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಕೂತು ಕಂಬಗಳಾದದ್ದು, ಆ ಕಂಬಗಳು ಷಟ್ಕೋನ ವಿನ್ಯಾಸದಲ್ಲಿ ನಿಂತದ್ದು ತಿಳಿಯಿತು.

ಇದಕ್ಕೆ ಪೇಟೆಂಟ್ ಪಡೆಯಬಹುದಿತ್ತಲ್ಲ ಎಂದು ಕೇಳುವವರು ಅಂದಿನ ಕಾನೂನನ್ನು ಓದಬೇಕು. 1970ರ ಭಾರತೀಯ ಪೇಟೆಂಟ್ ಕಾಯ್ದೆಯ 3ನೇ ಕಲಮಿನ ಪ್ರಕಾರ ವೈಜ್ಞಾನಿಕ ತತ್ತ್ವದ ಬರಿಯ ಶೋಧ ಆವಿಷ್ಕಾರವಲ್ಲ. 5ನೇ ಕಲಮು ಇನ್ನೂ ಬಿಗಿ: ರಾಸಾಯನಿಕ ಕ್ರಿಯೆಯಿಂದ ಸಿದ್ಧವಾದ ವಸ್ತುವಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ. ದೃಗ್ಗಾಜು, ಅರೆವಾಹಕಗಳನ್ನೂ ಅದು ಹೆಸರಿಸಿಯೇ ಸೇರಿಸಿತ್ತು. ಬೆಳಕಿನ ತಂತ್ರಜ್ಞಾನದ ಕಚ್ಚಾವಸ್ತುಗಳೇ ಇವು. ಈ ನಿರ್ಬಂಧ ಕಳಚಿದ್ದು 2005ರಲ್ಲಿ. ಆದ್ದರಿಂದ ಬೆಂಗಳೂರಿನವರು ಅವಕಾಶ ಕಳೆದುಕೊಂಡರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಫ್ಯೂಜಿ ಕಂಪನಿಗೆ 1996ರಲ್ಲಿ ಅಮೆರಿಕದಲ್ಲಿ ಸಿಕ್ಕ 5,583,679ನೇ ಪೇಟೆಂಟಿನ ಜಾಣ್ಮೆ ಅಣುವಿನ ಓರೆಯಲ್ಲಿದೆ. ಹಾಳೆಯ ಒಂದು ಮೈಯಿಂದ ಇನ್ನೊಂದಕ್ಕೆ ಹೋದಂತೆ ಬಿಲ್ಲೆಗಳ ವಾಲು ಬದಲಾಗುತ್ತದೆ. ಪರದೆಯೊಳಗಿನ ಕಡ್ಡಿ ಅಣುಗಳು ಓರೆ ನೋಟಕ್ಕೆ ಮಾಡುವ ಏರುಪೇರನ್ನು ಈ ವಾಲು ಸರಿದೂಗಿಸುತ್ತದೆ. ಇದು ಅಪ್ಪಟ ಆವಿಷ್ಕಾರವೇ.

ಇದೇ ಬಗೆಯ ಬಿಲ್ಲೆ ಅಣುಗಳು ಸೌರಕೋಶಕ್ಕೆ ಹೋದ ದಾರಿ ಬೇರೆ. ಬಿಲ್ಲೆಗಳ ಕಂಬದುದ್ದಕ್ಕೂ ವಿದ್ಯುದಾವೇಶ ಸಲೀಸಾಗಿ ಹರಿಯುತ್ತದೆಂದು 1994ರಲ್ಲಿ 'ನೇಚರ್' ಪತ್ರಿಕೆಯ ಪ್ರಬಂಧವೊಂದು ತೋರಿಸಿತ್ತು. 2001ರಲ್ಲಿ ಕೇಂಬ್ರಿಜ್‌ನ ರಿಚರ್ಡ್ ಫ್ರೆಂಡ್, ಮೈಂಟ್ಸ್‌ನ ಕ್ಲಾಸ್ ಮ್ಯೂಲನ್ ಮುಂತಾದವರು ಬಿಲ್ಲೆ ಅಣುವಿನ ಜೊತೆ ಪೆರಿಲೀನ್ ಬಣ್ಣವನ್ನು ಒಂದೇ ದ್ರಾವಣದಲ್ಲಿ ಬೆರೆಸಿ ತೆಳುವಾಗಿ ಲೇಪಿಸಿದರು. 490 ನ್ಯಾನೋಮೀಟರ್ ಆಸುಪಾಸಿನ ಬೆಳಕಿನಲ್ಲಿ, ಬಿದ್ದ ನೂರು ಫೋಟಾನ್‌ಗಳಿಗೆ 34ಕ್ಕೂ ಹೆಚ್ಚು ಎಲೆಕ್ಟ್ರಾನ್‌ಗಳು ದಕ್ಕಿದವು. ಇಡೀ ಬಿಸಿಲಿನ ಲೆಕ್ಕದ ದಕ್ಷತೆ ಇದಲ್ಲ. ಆದರೂ ಎರಡು ವಸ್ತುಗಳು ಒಣಗುವಾಗ ತಾವಾಗಿಯೇ ಮೇಲೆ ಕೆಳಗೆ ಬೇರ್ಪಟ್ಟು, ಎಲೆಕ್ಟ್ರಾನಿಗೊಂದು, ಧನ ಆವೇಶಕ್ಕೊಂದು ದಾರಿ ಮಾಡಿಕೊಟ್ಟಿದ್ದವು.