‘ಬಿಟ್ಟುಬಿಡು’ ಅಂದವರು ಯಾರು?

ಮಗಳು ಹುಟ್ಟಿ ಆರು ವಾರ ಆಗಿತ್ತು. ಎಳೆಬಿಸಿಲು ತಾಗಲಿ ಅಂತ ಅವಳನ್ನು ಎತ್ತಿಕೊಂಡು ನಮ್ಮ ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಹಾಲಿನ ಗಾಡಿ, ವಾಕಿಂಗ್ ಹೊರಟ ಅಂಕಲ್‌ಗಳು, ಯಾರದೋ ಕಾರು ತೊಳೆಯುತ್ತಿದ್ದ ಹುಡುಗ. ಎಲ್ಲ ಚೆನ್ನಾಗಿಯೇ ಇತ್ತು. ಇದ್ದಕ್ಕಿದ್ದಂತೆ ತಲೆಯೊಳಗೆ ಒಂದು ಯೋಚನೆ: ಈಗ ಕೈ ಬಿಟ್ಟುಬಿಟ್ಟರೆ?

ಒಳಗೆ ಓಡಿ ಬಂದು ಮಗುವನ್ನು ಅಮ್ಮನ ಮಡಿಲಿಗೆ ಹಾಕಿದೆ. ಕೈ ನಡುಗುತ್ತಿತ್ತು. ಅವತ್ತಿನಿಂದ ಎರಡು ತಿಂಗಳು ಬಾಲ್ಕನಿಯ ಬಾಗಿಲು ತೆಗೆಯಲಿಲ್ಲ. ಬಿಸಿಲು ಜಾಸ್ತಿ, ಪಾರಿವಾಳದ ಗಲೀಜು, ಹೀಗೆ ದಿನಕ್ಕೊಂದು ನೆಪ. ಮಗುವಿಗೆ ನೀರು ಹಾಕುವುದನ್ನೂ ಅಮ್ಮನಿಗೇ ಬಿಟ್ಟೆ. ಒಂದು ರಾತ್ರಿ ಗಂಡ ಮೆಲ್ಲಗೆ ಕೇಳಿದ, “ಯಾಕೆ, ಪಾಪೂನ ಎತ್ಕೊಳ್ಳೋಕೇ ಹಿಂಜರೀತೀಯಾ?” ಏನು ಹೇಳಲಿ? ನಿನ್ನ ಹೆಂಡತಿ ಒಳಗೊಳಗೇ ಕೊಲೆಗಾತಿ ಇರಬಹುದು ಅಂತಲಾ?

ನಡುರಾತ್ರಿ ಹಾಲು ಕುಡಿಸುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಹುಡುಕತೊಡಗಿದೆ. ನನಗೆ ಏನಾಗಿದೆ ಅಂತ ತಿಳಿಯಲು ಹೊರಟವಳಿಗೆ ಸಿಕ್ಕಿದ್ದು ಮುನ್ನೂರೈವತ್ತು ವರ್ಷಗಳ ಒಂದು ಇತಿಹಾಸ.

ಅದರಲ್ಲಿ ನನಗೆ ಮೊದಲು ಎದುರಾದವನು ಜಾನ್ ಬನ್ಯನ್. ಇಂಗ್ಲೆಂಡಿನ ಬೆಡ್‌ಫರ್ಡ್ ಹತ್ತಿರದವನು, ಹುಟ್ಟಿದ್ದು 1628ರಲ್ಲಿ. ಮನೆಮನೆಗೆ ಹೋಗಿ ತೂತು ಬಿದ್ದ ಪಾತ್ರೆ ರಿಪೇರಿ ಮಾಡುತ್ತಿದ್ದವನು, ಆಮೇಲೆ ಧರ್ಮಬೋಧಕನಾದ. ಇವನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಪುಸ್ತಕವನ್ನು ಮಿಷನರಿಗಳು ಹತ್ತೊಂಬತ್ತನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಅಂತ ಕನ್ನಡಕ್ಕೂ ತಂದಿದ್ದರು. ಅದಕ್ಕೂ ಮೊದಲು, 1666ರಲ್ಲಿ, ಜೈಲಿನಲ್ಲಿದ್ದುಕೊಂಡೇ ಅವನು ತನ್ನ ಆತ್ಮಕಥೆ ಪ್ರಕಟಿಸಿದ. ಅದರಲ್ಲಿ ಒಂದು ವಿಚಿತ್ರ ಕಾಟದ ವಿವರ ಇದೆ. ಕ್ರಿಸ್ತನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಈ ಮನುಷ್ಯನಿಗೆ ‘ಅವನನ್ನು ಮಾರಿಬಿಡು’ ಅನ್ನುವ ಮಾತು ತಲೆಯೊಳಗೆ ಕೇಳಿಸುತ್ತಿತ್ತಂತೆ. ಊಟಕ್ಕೆ ಕೂತರೂ ಅದೇ, ಸೌದೆ ಸೀಳುವಾಗಲೂ ಅದೇ. ಇಲ್ಲ, ಮಾರಲ್ಲ, ಸಾವಿರ ಲೋಕ ಕೊಟ್ಟರೂ ಮಾರಲ್ಲ ಅಂತ ಅವನು ಪ್ರತಿ ಸಲ ಉತ್ತರ ಕೊಡುತ್ತಿದ್ದ. ಕೊಟ್ಟಷ್ಟೂ ಕಾಟ ಹೆಚ್ಚಾಯಿತು. ಕೊನೆಗೊಂದು ದಿನ ಸುಸ್ತಾಗಿ, ಹೋಗಲಿ ಬಿಡು ಅಂತ ಅನ್ನಿಸಿಬಿಟ್ಟಿತು. ಅಷ್ಟಕ್ಕೇ ತಾನು ಮಹಾಪಾಪಿ, ತನಗೆ ಕ್ಷಮೆಯೇ ಇಲ್ಲ ಅಂತ ನಂಬಿ ಬಹುಕಾಲ ನರಳಿದ.

ಬನ್ಯನ್ ಪ್ರಕಾರ ಆ ಮಾತು ಆಡಿಸುತ್ತಿದ್ದವನು ಸೈತಾನ. ಓದುತ್ತಾ ನನಗೆ ಒಂಥರಾ ಹೊಟ್ಟೆಕಿಚ್ಚಾಯಿತು. ಬೈಯ್ಯೋಕೆ ಅವನಿಗೆ ಹೊರಗಿನವನು ಒಬ್ಬನಾದರೂ ಇದ್ದ. ನನಗೆ ಇದ್ದದ್ದು ನಾನೇ.

ಹತ್ತೊಂಬತ್ತನೇ ಶತಮಾನಕ್ಕೆ ಬರುವ ಹೊತ್ತಿಗೆ ಆ ಮಾತಿನ ವಿಳಾಸವೇ ಬದಲಾಯಿತು, ಹೊರಗಿದ್ದ ಸೈತಾನ ಒಳಗೆ ಬಂದ. 1845ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ‘ದಿ ಇಂಪ್ ಆಫ್ ದಿ ಪರ್ವರ್ಸ್’ ಅನ್ನುವ ಕಥೆ ಬರೆದ. ವಕ್ರಬುದ್ಧಿಯ ಕುಟ್ಟಿಚಾತ್ತ ಅನ್ನಬಹುದೇನೋ. ಪ್ರಪಾತದ ಅಂಚಿನಲ್ಲಿ ನಿಂತವನಿಗೆ ಬೀಳಬಾರದು ಅಂತ ಗೊತ್ತಿರುವುದರಿಂದಲೇ ಬೀಳುವ ಸೆಳೆತ ಹುಟ್ಟುತ್ತದೆ ಅನ್ನುವುದು ಅದರ ವಾದ. ಕಥೆಯ ನಾಯಕ ಸುಳಿವೇ ಸಿಗದ ಹಾಗೆ ಕೊಲೆ ಮಾಡಿ ಆಸ್ತಿ ಹೊಡೆದವನು. ಬಾಯಿ ಬಿಡದಿದ್ದರೆ ಸಾಕು, ಬಚಾವ್. ಆದರೆ ಬಾಯಿ ಬಿಟ್ಟುಬಿಟ್ಟರೆ ಅನ್ನುವ ಯೋಚನೆ ತಲೆಗೆ ಹೊಕ್ಕಿದ್ದೇ ತಡ, ಬೀದಿಯಲ್ಲಿ ಓಡಿಹೋಗಿ ಎಲ್ಲ ಒಪ್ಪಿಕೊಳ್ಳುತ್ತಾನೆ. ಅಂದರೆ ಪೋ ಪ್ರಕಾರ ಯೋಚನೆ ಬಂತು ಅಂದರೆ ಕೃತ್ಯ ಗ್ಯಾರಂಟಿ. ರಾತ್ರಿ ಮೂರು ಗಂಟೆಗೆ ಓದಬಾರದ ಕಥೆ ಅದು.

ಪೋಗಿಂತ ಒಂದೇ ವರ್ಷ ಮೊದಲು, 1844ರಲ್ಲಿ, ಡೆನ್ಮಾರ್ಕಿನ ಕೀರ್ಕೆಗಾರ್ಡ್ ಇದೇ ಪ್ರಪಾತವನ್ನು ಬೇರೆ ಕಣ್ಣಿನಿಂದ ನೋಡಿದ್ದ. ಕೆಳಗೆ ನೋಡಿದಾಗ ತಲೆ ತಿರುಗುವ ಹಾಗೆ, ನಾನು ಏನು ಬೇಕಾದರೂ ಮಾಡಬಲ್ಲೆ ಅನ್ನುವುದು ಅರಿವಾದಾಗಲೂ ಮನುಷ್ಯನಿಗೆ ತಲೆ ತಿರುಗುತ್ತದೆ. ಆತಂಕ ಅಂದರೆ ಅದೇ ಅಂದ. ನೂರು ವರ್ಷದ ನಂತರ, 1943ರಲ್ಲಿ, ಸಾರ್ತ್ರ್ ಇನ್ನೂ ನೇರವಾಗಿ ಹೇಳಿದ: ಎತ್ತರದಲ್ಲಿ ನಿಂತಾಗಿನ ತಳಮಳ ಜಾರಿ ಬೀಳುತ್ತೇನೆ ಅನ್ನುವ ಭಯ ಅಲ್ಲ, ನಾನೇ ಹಾರಿಬಿಡಬಹುದಲ್ಲ ಅನ್ನುವ ಭಯ. ಹಾರದ ಹಾಗೆ ನನ್ನನ್ನು ತಡೆಯುವುದು ನನ್ನ ಆಯ್ಕೆ ಒಂದೇ. ಫ್ರೆಂಚರು ಈ ಸೆಳೆತಕ್ಕೆ ‘ಶೂನ್ಯದ ಕರೆ’ ಅಂತ ಚೆಂದದ ಹೆಸರೇ ಇಟ್ಟಿದ್ದಾರೆ.

ಬಾಣಂತಿಗೆ ಇದರಿಂದೆಲ್ಲ ಏನು ಸಮಾಧಾನ ಹೇಳಿ. ನನಗೆ ಬೇಕಾಗಿದ್ದು ಒಂದೇ ಮಾಹಿತಿ: ಬೇರೆಯವರಿಗೂ ಹೀಗಾಗತ್ತಾ?

ಅದನ್ನು ನೆಟ್ಟಗೆ ಕೇಳಿ, ಎಣಿಸಿ ನೋಡಿದವರು ಲಂಡನ್ನಿನ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ರಾಕ್ಮನ್ ಮತ್ತು ಪದ್ಮಲ್ ಡಿ ಸಿಲ್ವ. 1978ರಲ್ಲಿ ಅವರು ಯಾವ ಮಾನಸಿಕ ಕಾಯಿಲೆಯೂ ಇಲ್ಲದ ನೂರಕ್ಕೂ ಹೆಚ್ಚು ಸಾಮಾನ್ಯ ಜನರನ್ನು ವಿಚಾರಿಸಿದರು. ಬೇಡದ, ಅಸಹ್ಯದ, ಹಿಂಸೆಯ ಯೋಚನೆಗಳು ತಾವಾಗಿಯೇ ನುಗ್ಗಿ ಬರುತ್ತವೆ ಅಂತ ಒಪ್ಪಿಕೊಂಡವರು ಸುಮಾರು ಶೇ. 80ರಷ್ಟು. ಅವರ ಯೋಚನೆಗಳೂ ಓಸಿಡಿ ರೋಗಿಗಳ ಯೋಚನೆಗಳೂ ವಿಷಯದಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇದ್ದವು. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ರೋಗಿಗಳಿಗೆ ಅವು ಹೆಚ್ಚು ಸಲ ಬರುತ್ತಿದ್ದವು, ಹೆಚ್ಚು ಹೊತ್ತು ಉಳಿಯುತ್ತಿದ್ದವು, ತಳ್ಳಿಹಾಕುವುದು ಕಷ್ಟವಾಗುತ್ತಿತ್ತು. ಉಳಿದವರು ‘ಥೂ’ ಅಂದು ಮುಂದೆ ಹೋಗುತ್ತಿದ್ದರು.

ಮೆಟ್ರೋ ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹತ್ತಿರ, ಫ್ಲೈಓವರ್ ಮೇಲೆ ಸ್ಟೀರಿಂಗ್ ಹಿಡಿದಾಗ, ಎಲ್ಲರೂ ಗಂಭೀರವಾಗಿ ಕೂತ ಮೀಟಿಂಗಿನಲ್ಲಿ ಜೋರಾಗಿ ಕಿರುಚಿಬಿಟ್ಟರೆ ಅಂತ ನಿಮಗೂ ಅನ್ನಿಸಿರಬಹುದು. ಯಾರ ಹತ್ತಿರವೂ ಹೇಳಿಕೊಂಡಿರುವುದಿಲ್ಲ, ಅಷ್ಟೇ.

ಹಾಗಾದರೆ ತಳ್ಳಿದಷ್ಟೂ ಯಾಕೆ ಬರುತ್ತದೆ? 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದ. ಗಂಟೆ ಬಾರುತ್ತಲೇ ಇತ್ತು. ಮನಸ್ಸಿನ ಒಂದು ಭಾಗ ‘ಕರಡಿ ಬಂತಾ?’ ಅಂತ ಕಾವಲು ಕಾಯುತ್ತಿರುತ್ತದೆ, ಆ ಕಾವಲುಗಾರನೇ ಕರಡಿಯನ್ನು ಕರೆತರುತ್ತಾನೆ ಅನ್ನುವುದು ಅವನ ವಿವರಣೆ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಅಂದ ವೈದ್ಯನ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬನ್ಯನ್‌ನ ಸೈತಾನನ ಗುಟ್ಟೂ ಇದೇ ಇರಬೇಕು. ಉತ್ತರ ಕೊಟ್ಟಷ್ಟೂ ಅವನು ಮಾತು ಮುಂದುವರಿಸುತ್ತಿದ್ದ.

2012ರಲ್ಲಿ ಫ್ಲಾರಿಡಾದ ಜೆನಿಫರ್ ಹೇಮ್ಸ್ ಮತ್ತು ಸಂಗಡಿಗರು 431 ಕಾಲೇಜು ವಿದ್ಯಾರ್ಥಿಗಳನ್ನು ಈ ಹಾರುವ ಸೆಳೆತದ ಬಗ್ಗೆಯೇ ಕೇಳಿದರು. ಆತ್ಮಹತ್ಯೆಯ ಯೋಚನೆಯನ್ನೇ ಮಾಡದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದು ಆಗಿತ್ತು. ಅವರ ಊಹೆ ಹೀಗಿದೆ: ಅಂಚಿಗೆ ಬಂದ ತಕ್ಷಣ ಮಿದುಳು ‘ಹಿಂದೆ ಸರಿ’ ಅಂತ ಸಿಗ್ನಲ್ ಕೊಡುತ್ತದೆ, ಮೈ ಹಿಂದೆ ಸರಿಯುತ್ತದೆ. ಅರೆಕ್ಷಣ ತಡವಾಗಿ ಬುದ್ಧಿ ಎಚ್ಚರಗೊಂಡು, ಕಂಬಿ ಗಟ್ಟಿಯಾಗಿದೆ, ಯಾರೂ ತಳ್ಳಿಲ್ಲ, ಮತ್ತೆ ನಾನ್ಯಾಕೆ ಹಿಂದೆ ಸರಿದೆ ಅಂತ ಕೇಳುತ್ತದೆ. ಓಹೋ, ನಾನೇ ಹಾರುವವಳಿದ್ದೆ ಅಂತ ತಪ್ಪು ಉತ್ತರ ಕೊಟ್ಟುಕೊಳ್ಳುತ್ತದೆ. ಕಾಪಾಡಲು ಬಂದ ಎಚ್ಚರಿಕೆಯನ್ನೇ ಬಯಕೆ ಅಂತ ಓದಿಬಿಡುತ್ತೇವೆ. ಇದು ಅಂತಿಮ ಸತ್ಯ ಅಲ್ಲ, ಒಂದು ಒಳ್ಳೆಯ ಊಹೆ. ಆದರೆ ನನ್ನ ಮಟ್ಟಿಗೆ ಸೈತಾನ, ಕುಟ್ಟಿಚಾತ್ತ, ಸ್ವಾತಂತ್ರ್ಯ ಎಲ್ಲಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸಿತು. ಯಾಕಂದರೆ ಅವತ್ತು ನನ್ನ ಕೈ ಸಡಿಲ ಆಗಿರಲಿಲ್ಲ. ಮಗು ಅಳುವಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದೆ.

ಒಂದು ಮಾತು ಮಾತ್ರ ಸೇರಿಸಲೇಬೇಕು. ನನ್ನನ್ನು ಹೆದರಿಸಿದ ಯೋಚನೆ ಇದು. ಸಾಯುವುದರಲ್ಲಿ ನೆಮ್ಮದಿ ಇದೆ ಅನ್ನಿಸುವುದು, ಹೇಗೆ ಎಲ್ಲಿ ಅಂತ ಲೆಕ್ಕ ಹಾಕುವುದು, ಹಾಗೆ ಮಾಡು ಅಂತ ದನಿ ಆಜ್ಞೆ ಮಾಡುವುದು ಬೇರೆಯೇ ವಿಷಯ. ಅಂಥದ್ದಕ್ಕೆ ಇತಿಹಾಸ ಓದುತ್ತಾ ಕೂರಬಾರದು, ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ನನ್ನ ಹಾಗೆ ಹೆದರಿ ಮಗುವನ್ನೇ ಮುಟ್ಟದ ಹಾಗಾಗಿದ್ದರೂ ಹೋಗಬಹುದು. ನಾನೂ ಹೋದೆ. ಡಾಕ್ಟರ್ ಗಾಬರಿಯಾಗದೆ ಪೂರ್ತಿ ಕೇಳಿಸಿಕೊಂಡರು. ಹೊಸ ತಂದೆತಾಯಿಯರಲ್ಲಿ ಇದು ತುಂಬಾ ಸಾಮಾನ್ಯ ಅಂದರು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಮೆಂತ್ಯದ ಲಡ್ಡು ಕಟ್ಟುತ್ತಿದ್ದ ಅಮ್ಮ ಕೈ ನಿಲ್ಲಿಸಲಿಲ್ಲ.

“ನಿನ್ನ ಎತ್ಕೊಂಡು ಬಾವಿಕಟ್ಟೆ ಹತ್ರ ಹೋದಾಗೆಲ್ಲ ನಂಗೂ ಹಂಗೇ ಆಗ್ತಿತ್ತು ಕಣೇ.”

“ಯಾರಿಗಾದ್ರೂ ಹೇಳಿದ್ಯಾ?”

“ಯಾರಿಗೆ ಹೇಳೋದು? ನಿಮ್ಮಜ್ಜಿಗಾ? ದೆವ್ವ ಹಿಡಿದಿದೆ ಅಂತ ತಾಯತ ಕಟ್ಟಿಸ್ತಿದ್ರು.” ಒಂದು ಲಡ್ಡು ನನ್ನ ಕೈಗಿಟ್ಟು, “ಇವತ್ತೇ ಫಸ್ಟು ಹೇಳ್ತಿರೋದು” ಅಂದಳು.

ಮಾರನೇ ದಿನ ಬಾಲ್ಕನಿ ಬಾಗಿಲು ತೆಗೆದೆ. ಎರಡು ತಿಂಗಳ ಪಾರಿವಾಳದ ಗಲೀಜು, ಈ ಸಲ ನೆಪ ಅಲ್ಲ, ನಿಜ. ತೊಳೆದು, ಮಗಳನ್ನು ಎತ್ತಿಕೊಂಡು ನಿಂತೆ. ಯೋಚನೆ ಬಂತು. ಉತ್ತರ ಕೊಡಲಿಲ್ಲ. ಕೆಳಗೆ ಹಾಲಿನ ಗಾಡಿ ಹೊರಡುತ್ತಿತ್ತು, ಅವಳಿಗೆ ಅದನ್ನು ತೋರಿಸಿದೆ.